ಸಕುಟುಂಬ ಚಿತ್ರವಿಮರ್ಶೆ: ನಂಜನಗೂಡು ಮತ್ತು ಟಿ. ನರಸೀಪುರ ಶಾಖೆಗಳು

ಒಂದೇ ಸಾಲಿನಲ್ಲಿ ಕೂತು ಸಿನಿಮಾ ನೋಡಿದ ಬಂಧುಗಳು, ಹೊರಗೆ ಬಂದು ವ್ಯಾನು ಹತ್ತಿದ ಮೇಲೆ ಬೇರೆ ಬೇರೆ ಸಿನಿಮಾ ನೋಡಿದವರಂತೆ ಮಾತಾಡತೊಡಗುವುದಕ್ಕೆ ಸಕುಟುಂಬ ಚಿತ್ರವಿಮರ್ಶೆ ಎನ್ನಬಹುದು. ಮೈಸೂರು ಜಿಲ್ಲೆಯಲ್ಲಿ ಇದರ ಎರಡು ಶಾಖೆಗಳು ಗಮನಾರ್ಹ. ನಂಜನಗೂಡು ಶಾಖೆಯಲ್ಲಿ, ಮೈಸೂರಿನಿಂದ ಹೊರಟು ಕಡಕೊಳ ಬರುವ ಹೊತ್ತಿಗೆ ಚರ್ಚೆ ಶುರುವಾಗಿ, ತಾಂಡವಪುರದಲ್ಲಿ ಜಗಳವಾಗಿ, ಕಪಿಲೆ ಕಾಣಿಸಿದಾಗ ತೀರ್ಪು ಬಂದಿರುತ್ತದೆ. ನರಸೀಪುರ ಶಾಖೆಯವರು ವರುಣ ದಾಟುವವರೆಗೂ ಬಾಯಿ ಬಿಡುವುದಿಲ್ಲ. ಬಿಟ್ಟ ಮೇಲೆ ಮುಚ್ಚುವುದಿಲ್ಲ. ಕಾವೇರಿ, ಕಪಿಲೆ ಕೂಡುವ ಊರಿನವರೆಂದ ಮಾತ್ರಕ್ಕೆ ಅಭಿಪ್ರಾಯಗಳೂ ಕೂಡಬೇಕೆಂಬ ನಿಯಮ ಅಲ್ಲಿಲ್ಲ.

ಇಂಥ ಪ್ರತಿ ಕುಟುಂಬದಲ್ಲೂ ಪತ್ರಿಕೆಯ ಸಿನಿಮಾ ಪುಟ ಓದಿ ಮಿಕ್ಕವರಿಗೆ ಪಾಠ ಹೇಳುವ ಒಬ್ಬ ಪ್ರಾಣಿ ಇರುತ್ತಾನೆ. ಇಲ್ಲಿ ವಿವರಿಸಲಾಗುವ ಮನೆತನದಲ್ಲಿ ಆ ಸ್ಥಾನ ಈ ಲೇಖನದ ಕರ್ತೃವಿನದೇ. ಮುಂದೆ ಅವನನ್ನು ‘ವಿಮರ್ಶಕ’ ಎಂದು ಕರೆಯಲಾಗಿದೆ. ಮನೆಯಲ್ಲಿ ಹಾಗೆ ಯಾರೂ ಕರೆಯುವುದಿಲ್ಲ.

ಅಧ್ಯಯನಕ್ಕೆ ಅತ್ಯುತ್ತಮ ಸಾಮಗ್ರಿ ಒದಗಿಸಿದ್ದು ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’. 2022ರ ಜೂನ್ 10ರಂದು ಬಿಡುಗಡೆಯಾದ ಈ ಚಿತ್ರದಲ್ಲಿ ರಕ್ಷಿತ್ ಶೆಟ್ಟಿ ಒಂಟಿ ಮನುಷ್ಯ, ಚಾರ್ಲಿ ನಾಯಿ, ದಾರಿ ಹಿಮದ ನಾಡಿಗೆ. ‘ನಾಯಿ ಪಿಚ್ಚರ್‌ಗೆಲ್ಲ ಅಳೋರು ಯಾರು’ ಎಂದು ವಿಮರ್ಶಕನು ಟಿಕೆಟ್ ಕೊಳ್ಳುವ ಮೊದಲೇ ಘೋಷಿಸಿದ್ದನು. ನರಸೀಪುರದ ಭಾವನ ಹೆಗಲ ಮೇಲೆ, ಸಂಗಮದ ಸ್ನಾನಕ್ಕೆಂದು ಕೊಂಡ ಹೊಸ ಚೌಕುಳಿ ಟವಲು ಇತ್ತು. ಚಾರ್ಲಿಗೆ ಕಾಯಿಲೆ ಎಂದು ತಿಳಿದ ಕೂಡಲೇ ವಿಮರ್ಶಕನು ‘ಏಸಿ ಗಾಳೀಲಿ ಧೂಳದೆ’ ಎಂದು ಗೊಣಗಿ, ಪರದೆಯಿಂದ ಕಣ್ಣು ಕೀಳದೆ ಭಾವನ ಕಡೆ ಕೈ ಚಾಚಿದನು. ಟವಲು ಹೊರಟಿತು.

ಅದು ಮೊದಲು ಅಕ್ಕನ ಕೈಯಲ್ಲಿ ನಿಂತಿತು. ಅಕ್ಕ ಒಂದು ತುದಿಯನ್ನು ಮಾತ್ರ ಬಳಸಿದರು. ಗಂಡನ ಟವಲಿನ ಬಗ್ಗೆ ಅವರಿಗೆ ಮಾಹಿತಿ ಇತ್ತು. ಸೋದರತ್ತೆ ಇಡೀ ಮುಖ ಮುಚ್ಚಿಕೊಂಡರು. ಈಗಾಗಲೇ ಸಿನಿಮಾ ನೋಡಿದ್ದ ಅಕ್ಕನ ಮಗ ‘ಇನ್ನೂ ಅದೆ, ತಡೀರಿ, ಈಗ್ಲೇ ಖರ್ಚು ಮಾಡ್ಬೇಡಿ’ ಎಂದು ಎಚ್ಚರಿಸಿದನು. ಇಂಥ ಹುಡುಗರನ್ನು ಥಿಯೇಟರಿನೊಳಗೆ ಬಿಡಬಾರದು. ಅಜ್ಜಿ ಟವಲನ್ನು ಬಳಸದೆ ದಾಟಿಸಿದರು. ವಿಮರ್ಶಕನು ಕೊನೆಗೂ ಅದನ್ನು ಪಡೆದು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಂಡು, ಮಡಿಲ ಮೇಲೆ ಇಳಿಸಿದನು. ಆಗ ಪಕ್ಕದ ಸೀಟಿನ ಅಪರಿಚಿತ ಹಿರಿಯರು, ಯಾರ ಟವಲು ಎಂದು ಕೇಳದೆ, ತಮ್ಮ ಸರದಿ ಬಂತೆಂಬಂತೆ ಎತ್ತಿಕೊಂಡರು. ಅವರಿಂದ ಅವರ ಹೆಂಡತಿಗೆ, ಹೆಂಡತಿಯಿಂದ ಆಚೆಯ ಕಾಲೇಜು ಹುಡುಗಿಯರಿಗೆ. ಅಲ್ಲಿಂದ ಮುಂದಿನ ಸಾಲಿಗೆ ಇಳಿಯಿತು. ಭಾವ ಅರ್ಧ ಎದ್ದು ನಿಂತರು. ಹಿಂದಿನವರು ‘ಕೂತ್ಕೊಳಿ ಯಜಮಾನ್ರೆ’ ಎಂದರು. ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಭಾವನ ಕಣ್ಣು ಮಾತ್ರ ಕತ್ತಲಲ್ಲಿ ಒಂದು ಚೌಕುಳಿಯನ್ನು ಹುಡುಕುತ್ತಿತ್ತು. ಚಿತ್ರ ಮುಗಿದು ದೀಪ ಹತ್ತಿದಾಗ ಟವಲು ಬಂದ ದಾರಿಯಲ್ಲೇ, ಯಾರೋ ಪುಣ್ಯಾತ್ಗಿತ್ತಿ ನಾಲ್ಕು ಮಡಿಕೆ ಮಾಡಿ, ವಾಪಸು ಬಂತು. ಒದ್ದೆಯಾಗಿತ್ತು. ಚಿತ್ರದ ಬಗ್ಗೆ ಭಾವನ ಅಧಿಕೃತ ಅಭಿಪ್ರಾಯ: ‘ಕೊನೇಲಿ ನಾಯಿಗೆ ಏನಾಯ್ತು?’ ಅವರ ಎರಡನೆಯ ಅಭಿಪ್ರಾಯವು ಮಾವನ ಮನೆಯವರಿಗೆ ಒಂದು ಕರ್ಚೀಫು ಕೊಳ್ಳುವ ಯೋಗ್ಯತೆಯೂ ಇಲ್ಲವೆಂಬುದನ್ನು ಕುರಿತದ್ದು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರೂ ಇದೇ ಚಿತ್ರ ನೋಡಿ ಕಣ್ಣೀರು ಹಾಕಿದ್ದು ಪತ್ರಿಕೆಯಲ್ಲಿ ಬಂದಿದೆ ಎಂಬ ಸಮರ್ಥನೆಯನ್ನು ವಿಮರ್ಶಕನು ತಾಂಡವಪುರದವರೆಗೂ ಮಂಡಿಸಿದನು.

ಅಜ್ಜಿ ಟವಲು ಬಳಸದಿರಲು ಕಾರಣವಿದೆ. ಅದೇ ವರ್ಷದ ಮಾರ್ಚ್ 17ರಂದು, ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬಕ್ಕೆ, ‘ಜೇಮ್ಸ್’ ತೆರೆಕಂಡಿತ್ತು. ಪುನೀತ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, ಡಬ್ಬಿಂಗ್ ಮಾಡುವ ಮುಂಚೆ. ಪಾತ್ರಕ್ಕೆ ದನಿ ಕೊಟ್ಟವರು ಅಣ್ಣ ಶಿವರಾಜ್‌ಕುಮಾರ್. ಚಾಮರಾಜನಗರದಾಚೆಯ ಗಾಜನೂರಿನ ಈ ಮನೆತನದವರೆಂದರೆ ಅಜ್ಜಿಗೆ ನಾಲ್ಕೂರು ದಾಟಿದರೆ ಸಿಗುವ ನೆಂಟರು. ಸಿನಿಮಾದ ಬಹುಭಾಗ ಅವರು ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯೆಂದು ಹುಡುಗರು ನಕ್ಕರು. ಹೊರಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟು: ‘ಮೊಕ ತಮ್ಮುಂದು, ದನಿ ಅಣ್ಣುಂದು. ಅವರವ್ವ ಇದ ನೋಡ್ದೆ ಹೋದ್ಲು, ಅಷ್ಟೇ ಪುಣ್ಯ.’ ಪಾರ್ವತಮ್ಮ ರಾಜ್‌ಕುಮಾರ್ ನಿಧನರಾದದ್ದು 2017ರಲ್ಲಿ. ಅಂದು ಕಡಕೊಳ ಬಂದರೂ ಚರ್ಚೆ ಶುರುವಾಗಲಿಲ್ಲ. ವಿಮರ್ಶಕನ ಬಳಿ ಫೈಟುಗಳ ಬಗ್ಗೆ ಕೆಲವು ತಾಂತ್ರಿಕ ಆಕ್ಷೇಪಗಳಿದ್ದವು. ಅವು ಅವನ ಬಳಿಯೇ ಉಳಿದವು.

2025ರ ಜುಲೈ 25ರಂದು ಬಂದ, ಜೆ.ಪಿ. ತೂಮಿನಾಡು ನಿರ್ದೇಶಿಸಿ ತಾವೇ ನಟಿಸಿದ ‘ಸು ಫ್ರಮ್ ಸೋ’ ಅಜ್ಜಿಯನ್ನು ಮತ್ತೆ ಮಾತಿಗೆ ಎಳೆಯಿತು. ಕರಾವಳಿಯ ಹಳ್ಳಿಯೊಂದರಲ್ಲಿ ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನೆಯೆಂಬ ಹೆಂಗಸಿನ ದೆವ್ವ ಬಂದಿದೆಯೆಂದು ಊರಿಗೆ ಊರೇ ನಂಬಿ ಕಂಗೆಡುವ ಕಥೆ. ಅಜ್ಜಿಯ ಆಕ್ಷೇಪ ವೃತ್ತಿಪರವಾಗಿತ್ತು: ‘ನಂಜನಗೂಡ್ಗೆ ಕರ್ಕೊಂಡ್ ಬಂದು, ಹೊಳೇಲಿ ಮುಳುಗ್ಸಿ, ಉರುಳುಸೇವೆ ಮಾಡ್ಸಿದ್ರೆ ಇಂಟರ್‌ವಲ್‌ಗೇ ಮುಗೀತಿತ್ತು.’ ರೋಗಹರನೆಂದು ಹೆಸರಾದ, ಟಿಪ್ಪು ಸುಲ್ತಾನನು ಹಕೀಂ ನಂಜುಂಡ ಎಂದು ಕರೆದನೆಂಬ ಪ್ರತೀತಿಯುಳ್ಳ ಶ್ರೀಕಂಠೇಶ್ವರನ ಊರಿನವರಿಂದ ಬೇರೆ ಅಭಿಪ್ರಾಯ ನಿರೀಕ್ಷಿಸುವಂತಿಲ್ಲ. ಕರಾವಳಿಯ ಕನ್ನಡ ಅರ್ಥವಾಗಲಿಲ್ಲವೆಂದು ಮೊದಲರ್ಧದಲ್ಲಿ ದೂರಿದ ಸೋದರತ್ತೆ, ಮರುದಿನದಿಂದ ಹಾಲಿನವನನ್ನೂ ‘ಎಂತ ಮಾರಾಯ್ರೆ’ ಎಂದು ಮಾತಾಡಿಸತೊಡಗಿದರು. ಹಾಲಿನವನು ಇದನ್ನು ದರ ಏರಿಸಿದ್ದಕ್ಕೆ ಪ್ರತಿಭಟನೆಯೆಂದು ತಿಳಿದನು.

‘ಕಾಂತಾರ: ಅಧ್ಯಾಯ 1’ರ ಬಗ್ಗೆ ಹೇಳುವುದು ಕಡಿಮೆ. ಅದು ಬಿಡುಗಡೆಯಾದ 2025ರ ಅಕ್ಟೋಬರ್ 2 ವಿಜಯದಶಮಿ, ಮೈಸೂರಿನಲ್ಲಿ ಜಂಬೂಸವಾರಿ. ನರಸೀಪುರದವರು ಆನೆ ನೋಡಬೇಕೆಂದರು, ನಂಜನಗೂಡಿನವರು ರಿಷಬ್ ಶೆಟ್ಟಿಯನ್ನು. ಎರಡೂ ಪಕ್ಷದವರು ಒಂದೇ ವ್ಯಾನಿನಲ್ಲಿದ್ದುದರಿಂದ ಆ ದಿನ ಜನರ ಬೆನ್ನನ್ನು ಮಾತ್ರ ನೋಡಲಾಯಿತು. ಮುಂದಿನ ವಾರ ನೋಡಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಜೋರಾಗದೆ. ಅದು ಸದ್ದಿನ ಬಗ್ಗೆಯೋ ಸಿನಿಮಾದ ಬಗ್ಗೆಯೋ ಎಂದು ಯಾರೂ ಬಿಡಿಸಿ ಹೇಳಲಿಲ್ಲ.

ಅಭಿಪ್ರಾಯದ ಖಾರಕ್ಕೂ ಟಿಕೆಟ್ ದರಕ್ಕೂ ನೇರ ಸಂಬಂಧವಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಮಿತಿ ಇರಲಿ ಬಿಡಲಿ, ಹಣ ಕೊಟ್ಟವರು ಚಿತ್ರವನ್ನು ಬೈಯುವುದಿಲ್ಲ, ಬೈದರೆ ಹೋದ ಕಾಸು ಇನ್ನಷ್ಟು ಉರಿಯುತ್ತದೆ. ಕಟುವಾಗಿ ಬೈಯುವವರೆಲ್ಲ ಬೇರೆಯವರ ಲೆಕ್ಕದಲ್ಲಿ ಬಂದವರು. ಈ ಮನೆತನದಲ್ಲಿ ಭಾವ ಇದುವರೆಗೆ ಯಾವ ಚಿತ್ರವನ್ನೂ ಹೊಗಳಿಲ್ಲ.

ಮೇಲಿನ ನಾಲ್ಕರಲ್ಲಿ ಎರಡನೆಯ ಸಲ ನೋಡಲು ಎರಡೂ ಊರಿನವರು ಒಪ್ಪಿದ್ದು ‘ಸು ಫ್ರಮ್ ಸೋ’ ಒಂದಕ್ಕೇ.