ಕೆಂಡದ ಮೇಲಿನ ಕುಂಬಳಕಾಯಿ

ಆಯುಧಪೂಜೆಯ ಮರುದಿನ ಕೂಡ್ಲಿಗಿಯಲ್ಲಿ ಬೈಕು ಹತ್ತಿದವರು ಆಕಾಶ ನೋಡಿಕೊಂಡು ಹೋಗಬಾರದು. ರಾಷ್ಟ್ರೀಯ ಹೆದ್ದಾರಿ 50 ಊರನ್ನು ತಾಗಿಕೊಂಡೇ ಹೋಗುವುದರಿಂದ ಲಾರಿ, ಗ್ಯಾರೇಜು, ಪಂಕ್ಚರ್ ಅಂಗಡಿಗಳಿಗೆ ಇಲ್ಲಿ ಬರವಿಲ್ಲ. ಎಲ್ಲದರ ಮುಂದೆಯೂ ಒಂದೊಂದು ಕುಂಬಳಕಾಯಿ ಒಡೆದು ಬಿದ್ದಿರುತ್ತದೆ. ಕುಂಕುಮ ಮೆತ್ತಿದ ಆ ಹೋಳುಗಳು ಮುಂದೆ ಹೋದ ಗಾಡಿಯ ದೃಷ್ಟಿ ತೆಗೆದಿರುತ್ತವೆ, ಹಿಂದೆ ಬಂದ ಗಾಡಿಯನ್ನು ಜಾರಿಸಿ ಕೆಡವುತ್ತವೆ. ತೆಗೆದ ದೃಷ್ಟಿ ಎಲ್ಲಿಗೆ ಹೋಗುತ್ತದೆ ಎಂಬ ನನ್ನ ಬಾಲ್ಯದ ಸಂಶಯ ಹೀಗೆ ಪರಿಹಾರವಾಯಿತು.

ಒಡೆಸಿಕೊಳ್ಳುವುದು ಬೂದುಗುಂಬಳ. ಅದು ಹಳೆಯ ಮನೆತನದ್ದು, ಪೂಜೆ ಪುನಸ್ಕಾರದಲ್ಲಿ ಅದಕ್ಕೇ ಮುಂಚೂಣಿ. ಕುಂಬಳಕಾಯಿ ಕಳ್ಳ ಎಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಂಡವನೂ ಅದನ್ನೇ ಕದ್ದಿರಬೇಕು. ಬೂದಿ ಉದುರುವುದು ಅದೊಂದರಿಂದಲೇ. ಸಿಹಿಗುಂಬಳ ಕದ್ದವನಾಗಿದ್ದರೆ ಜನರ ನಡುವೆ ನಿಶ್ಚಿಂತೆಯಿಂದ ನಿಂತಿರುತ್ತಿದ್ದ, ಕೆಲವರಂತೂ ಹಾಗೆ ನಿಂತೇ ಇರುತ್ತಾರೆ. ನನ್ನ ಮಾತು ಈ ಎರಡನೆಯ ಕಾಯಿಯದು. ಪಲ್ಯಕ್ಕೆ, ಕಡುಬಿಗೆ, ಅಮಾವಾಸ್ಯೆ ಹುಣ್ಣಿಮೆಗೆ ಆಗಿಬರುವ ಸಿಹಿಗುಂಬಳದ್ದು.

ಇದು ನಮ್ಮ ಕಡೆ ಹೊಲದ ಬೆಳೆಗಿಂತ ಹೆಚ್ಚಾಗಿ ತಿಪ್ಪೆಯ ಬೆಳೆ. ಕಾರಹುಣ್ಣಿಮೆಯ ಆಜುಬಾಜಿಗೆ ಯಾರೋ ಎರಡು ಬೀಜ ಒಗೆದಿರುತ್ತಾರೆ. ಮಳೆ ಹಿಡಿದರೆ ಬಳ್ಳಿ ತಿಪ್ಪೆ ಬಿಟ್ಟು ಬೇಲಿ, ಬೇಲಿ ಬಿಟ್ಟು ಪಕ್ಕದವರ ಮಾಳಿಗೆ ಹತ್ತಿ ಅಲ್ಲಿ ಕಾಯಿ ಬಿಡುತ್ತದೆ. ಕಾಯಿ ಯಾರದು, ಬೇರಿದ್ದವರದೋ ಮಾಳಿಗೆ ಇದ್ದವರದೋ? ಹರಪನಹಳ್ಳಿಯ ಕಥೆಯೂ ಹೀಗೆಯೇ. ತಾಲ್ಲೂಕು ಇದ್ದಲ್ಲೇ ಇತ್ತು, 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಯದಾಯಿತು, 2018ರಲ್ಲಿ ಮತ್ತೆ ಬಳ್ಳಾರಿಯದಾಯಿತು, 2021ರಲ್ಲಿ ವಿಜಯನಗರದ್ದಾಯಿತು. ಅಲ್ಲಿನ ಜನ ಅರ್ಜಿಯ ಮೇಲೆ ಜಿಲ್ಲೆಯ ಹೆಸರು ಬರೆಯುವ ಮುನ್ನ ಒಂದು ಕ್ಷಣ ಪೆನ್ನು ತಡೆಯುತ್ತಾರೆ. ಕುಂಬಳಬಳ್ಳಿಯ ವಿಷಯದಲ್ಲಿ ಮಾತ್ರ ಊರವರು ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾರೆ, ಅರ್ಧ ನಿಮಗೆ, ಅರ್ಧ ನಮಗೆ. ಹೇಗೂ ಒಂದು ಮನೆಯವರು ಒಂದು ಕಾಯಿಯನ್ನು ತಿಂದು ಮುಗಿಸುವುದು ಆಗದ ಮಾತು.

ಕಾಯಿ ಇನ್ನೂ ಹೀಚಿದ್ದಾಗ ಅದಕ್ಕೆ ಬೆರಳು ತೋರಿಸಬಾರದು, ಕೊಳೆತು ಬೀಳುತ್ತದೆ ಎಂದು ಹಿರಿಯರು ಬೈಯುತ್ತಿದ್ದರು. ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ; ಜೇನು ಬಂದು ಪರಾಗ ಮುಟ್ಟಿಸದಿದ್ದರೆ ಹೆಣ್ಣು ಹೂವಿನ ಬುಡದ ಹೀಚು ಹಳದಿಯಾಗಿ ಉದುರುತ್ತದೆ ಎಂದು ಮುಂದೆ ಓದಿ ತಿಳಿದುಕೊಂಡೆ. ಹಾಗಂತ ಇವತ್ತಿಗೂ ಬೆರಳು ತೋರಿಸುವುದಿಲ್ಲ, ಗದ್ದದಿಂದ ತೋರಿಸುತ್ತೇನೆ.

ಇಷ್ಟು ಮನೆಯವನಾಗಿರುವ ಈ ಕಾಯಿ ಮೂಲತಃ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳು ಓಡಾಡತೊಡಗಿದ ಮೇಲೆ ನಮ್ಮ ಕಡೆಗೆ ಬಂದದ್ದು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ಆ ಹಕ್ಕಿಗಳು ಬಿಸಿಲು ಏರುವ ಹೊತ್ತಿಗೆ ಮರ್ಯಾದೆಯಿಂದ ಹೊರಡುತ್ತವೆ. ಕುಂಬಳಕಾಯಿ ಹೊರಡಲಿಲ್ಲ. ಅದರ ಹಿಂದುಮುಂದು ಅದೇ ಖಂಡದಿಂದ ಬಂದ ಮೆಣಸಿನಕಾಯಿ ಹೊರಡಲಿಲ್ಲ, ಕೂಡ್ಲಿಗಿಯ ಕೆಂಪು ಮಣ್ಣಿಗೆ ಒಗ್ಗಿಹೋದ ಶೇಂಗಾ ಹೊರಡಲಿಲ್ಲ, ಹರಪನಹಳ್ಳಿಯ ಹೊಲ ತುಂಬಿ ನಿಂತ ಮೆಕ್ಕೆಜೋಳವಂತೂ ಹೊರಡುವ ಲಕ್ಷಣವೇ ಇಲ್ಲ. ಕುಂಬಳಕಾಯಿ ಪಲ್ಯದ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು, ಇದು ನಮ್ಮ ಅಪ್ಪಟ ಊಟ ಎಂದು ನಾವು ಹೊರಗಿನವರಿಗೆ ಹೇಳುತ್ತೇವೆ. ಜೋಳವೂ ಬಹು ಹಿಂದೆ ಆಫ್ರಿಕದಿಂದ ಬಂದದ್ದು ಎಂದು ನಾನು ಊಟದ ನಡುವೆ ಹೇಳಿದಾಗ ಅವ್ವ, ‘ಮತ್ತ ನೀನು ಎಲ್ಲಿಂದ ಬಂದಿ?’ ಎಂದು ಕೇಳಿದಳು.

ಈ ಕಾಯಿಯನ್ನು ಸುಟ್ಟು ತಿನ್ನುವ ವಿಷಯ ಎತ್ತಿದವನು ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗ. ಅಲ್ಲಿ ಅಕ್ಟೋಬರ್ ಬಂತೆಂದರೆ ಅಂಗಡಿಗಳ ಮುಂದೆ ಕುಂಬಳ ಜಾತಿಯ ಕಾಯಿಗಳದೇ ರಾಶಿ. ಅದರಲ್ಲಿ ಬಟರ್‌ನಟ್ ಎಂಬುದನ್ನು ಉದ್ದಕ್ಕೆ ಸೀಳಿ, ಎಣ್ಣೆ ಉಪ್ಪು ಸವರಿ, ಓವನ್ನಿನಲ್ಲಿ ಮುಕ್ಕಾಲು ಗಂಟೆ ಸುಟ್ಟು, ಊಟದ ಜೊತೆ ಬದಿಗಿಟ್ಟುಕೊಂಡು ತಿನ್ನುತ್ತಾರಂತೆ. ವಿಡಿಯೊ ಕರೆಯಲ್ಲಿ ‘ನಾನೂರು ಡಿಗ್ರಿ ಅಜ್ಜಿ’ ಎಂದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಳ್ಳಾರಿ ಸೀಮೆಯ ಬಿಸಿಲು 40 ದಾಟಿದರೇ ನಾವು ಮಧ್ಯಾಹ್ನ ಹೊರಗೆ ಕಾಲಿಡುವುದಿಲ್ಲ. ಅಲ್ಲಿಯವರು ಫ್ಯಾರನ್‌ಹೀಟಿನಲ್ಲಿ ಎಣಿಸುತ್ತಾರೆ, ನಮ್ಮ ಲೆಕ್ಕಕ್ಕೆ ಇನ್ನೂರರಷ್ಟೇ ಎಂದು ನಾನು ಸಮಾಧಾನ ಹೇಳಿದ್ದು ಸಮಾಧಾನವಾಗಲಿಲ್ಲ. ಆ ಬಟರ್‌ನಟ್ಟೂ ಸಸ್ಯಶಾಸ್ತ್ರದ ಪ್ರಕಾರ ನಮ್ಮ ಸಿಹಿಗುಂಬಳವೂ ಒಂದೇ ಜಾತಿ, ಕುಕುರ್ಬಿಟಾ ಮೋಸ್ಚಾಟ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಚಂದನ್ ಕೂಡ ಇದೇ ಬಳಗ.

ಆದರೆ ನಮ್ಮವರು ಇದನ್ನು ಸುಡಲಿಲ್ಲ ಏಕೆ? ಸುಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಬದನೆಕಾಯಿ ಸುಡುತ್ತೇವೆ, ಹಸಿಮೆಣಸಿನಕಾಯಿ ಸುಡುತ್ತೇವೆ, ಹೊಲದಲ್ಲೇ ಕುಣಿ ತೋಡಿ ಜೋಳದ ಎಳೆತೆನೆ ಸುಟ್ಟು ಸೀತನಿ ತಿನ್ನುತ್ತೇವೆ. ಶೀಗಿಹುಣ್ಣಿಮೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಚರಗ ಚೆಲ್ಲಲು ಹೋಗುವಾಗ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಡುಬು ಎಲ್ಲ ಇರುತ್ತವೆ, ಕುಂಬಳಕಾಯಿಯೂ ಇರುತ್ತದೆ, ಆದರೆ ಪಲ್ಯವಾಗಿ. ನನ್ನ ಊಹೆ ಇಷ್ಟು: ಕುಂಬಳಕಾಯಿ ನಮ್ಮಲ್ಲಿ ಹಸಿಯಾಗಿ ಹಂಚುವ ವಸ್ತು. ಒಡೆದ ಕೂಡಲೇ ಹೋಳುಗಳು ಓಣಿಯ ನಾಲ್ಕು ಮನೆಗೆ ಹೋಗಬೇಕು, ಆಯಾ ಮನೆಯವರು ತಮ್ಮ ಒಗ್ಗರಣೆ ತಾವು ಹಾಕಿಕೊಳ್ಳಬೇಕು. ಸುಟ್ಟರೆ ಎಲ್ಲರಿಗೂ ಒಂದೇ ರುಚಿ ಹೊರಿಸಿದಂತೆ. ನಮ್ಮ ಓಣಿಯಲ್ಲಿ ಅದನ್ನು ಯಾರೂ ಸಹಿಸುವುದಿಲ್ಲ.

ಇನ್ನೊಂದು ತೊಡಕು ಒಡೆಯುವುದರಲ್ಲೇ ಇದೆ. ಇಡಿಗಾಯಿಗೆ ಮೊದಲ ಏಟು ಗಂಡಸೇ ಹಾಕಬೇಕು, ಹೆಂಗಸರು ಹಾಕಬಾರದು ಎಂಬ ಕಟ್ಟಳೆ. ಒಲೆಯ ಮುಂದಿನ ಕೆಲಸದಲ್ಲಿ ಗಂಡಸಿಗೆ ಇರುವ ಅಧಿಕಾರ ಇದೊಂದೇ ಆದ್ದರಿಂದ ಅವನು ಅದನ್ನು ಗತ್ತಿನಿಂದ ಚಲಾಯಿಸುತ್ತಾನೆ. ಪೇಪರು ಮಡಿಚಿ ಎದ್ದು ಬಂದು, ಒಂದು ಏಟು ಹಾಕಿ, ಕುಡುಗೋಲು ಅಲ್ಲೇ ಬಿಟ್ಟು, ಇಡೀ ಅಡುಗೆ ತಾನೇ ಮಾಡಿದವನ ಹಾಗೆ ಮರಳುತ್ತಾನೆ. ಮನೆಯಲ್ಲಿ ಗಂಡಸರಿಲ್ಲದ ದಿನ ಶಾಲೆಗೆ ಹೊರಟ ಪಕ್ಕದ ಮನೆಯ ಹುಡುಗನನ್ನಾದರೂ ಹಿಡಿದು ನಿಲ್ಲಿಸುತ್ತಾರೆ.

ಆದರೂ ಒಮ್ಮೆ ಸುಟ್ಟು ನೋಡೇಬಿಟ್ಟೆವು. ನಾವು ಸುಟ್ಟದ್ದು ಇಡಿಗಾಯನ್ನೇ. ಎರಡು ಕಿಲೋ ಒಳಗಿನದು ಬೇಕು. ದೊಡ್ಡದಾದರೆ ಹೊರಗೆ ಇದ್ದಿಲು, ಒಳಗೆ ಹಸಿ. ಕೊಯ್ದ ಕೂಡಲೇ ಸುಡಬಾರದು. ತೊಟ್ಟು ಮುರಿಯದೆ ಅಟ್ಟದ ಮೇಲೆ ಕೆಲವು ವಾರ ಇಟ್ಟರೆ ಒಳಗಿನ ಪಿಷ್ಟ ಮೆಲ್ಲಗೆ ಸಕ್ಕರೆಯಾಗುತ್ತದೆ. ಮಹಾನವಮಿಗೆ ಸಪ್ಪಗಿದ್ದ ಕಾಯಿ ದೀಪಾವಳಿಗೆ ಸಿಹಿಯಾಗುವುದು ಇದರಿಂದ. ಚೀಲ ಹೊಲಿಯುವ ದಬ್ಬಣದಿಂದ ನಾಲ್ಕಾರು ಕಡೆ ಚುಚ್ಚಲೇಬೇಕು. ಇಲ್ಲವಾದರೆ ಒಳಗಿನ ಹಬೆಗೆ ದಾರಿಯಿಲ್ಲದೆ ಕಾಯಿ ಸಿಡಿದು, ಪಟಾಕಿಯ ಖರ್ಚು ಉಳಿಯುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಒಳ್ಳೆಯ ಉರುವಲು. ರೊಟ್ಟಿ ಮುಗಿದ ಮೇಲೆ ಉಳಿದ ಕೆಂಡದಲ್ಲಿ ಕಾಯಿ ಹೂತು, ಆಗಾಗ ಹೊರಳಿಸುತ್ತ ಒಂದು ಗಂಟೆಯ ಮೇಲೆ ಕಾಯಬೇಕು. ತಾಳ್ಮೆಯಿದ್ದಷ್ಟು ಒಳ್ಳೆಯದು. ನೀರು ಬತ್ತಿದಂತೆ ಸಿಹಿ ಗಟ್ಟಿಯಾಗುತ್ತದೆ, ಪಲ್ಯದಲ್ಲಿ ಸಿಗದ ಒಂದು ಹೊಗೆವಾಸನೆ ತಿರುಳಿಗೆ ಹತ್ತುತ್ತದೆ.

ಕಾಯಿ ಕರ್ರಗಾಗಿ ಕುಸಿದಾಗ ನಾನು ಅಧಿಕಾರ ಚಲಾಯಿಸಲು ಚಾಕು ಹಿಡಿದು ಬಂದೆ. ಅವ್ವ ಆಗಲೇ ಸವಟಿನಿಂದ ಸಿಪ್ಪೆ ತೆರೆದಿದ್ದಳು. ಕಟ್ಟಳೆ ನೆನಪಿಸಿದೆ. ‘ಇದು ಬೆಂದೈತಲ್ಲ. ಬೆಂದ ಮ್ಯಾಲ ಕಾಯಿ ಹೆಂಗಾತು? ಅಡಿಗಿ ಆತು. ಅಡಿಗಿ ಬಡಸಾಕ ನೀ ಯಾಕ ಬೇಕು?’ ಎಂದಳು. ಬೆಳ್ಳುಳ್ಳಿ, ಉಪ್ಪು, ಗುರೆಳ್ಳುಪುಡಿ, ಒಂದಿಷ್ಟು ಕೆಂಪಿಂಡಿ ಕಲಸಿ ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ನನ್ನ ಪ್ರಕಾರ ಎಣಗಾಯಿಯ ನಂತರದ ಸ್ಥಾನ ಇದಕ್ಕೆ ಕೊಡಬಹುದು. ಅವ್ವನ ಪ್ರಕಾರ ಇನ್ನೂ ಯೋಚನೆ ಮಾಡಬೇಕು.

ಆ ವಾರ ಮತ್ತೆ ಕರೆ ಬಂದಾಗ ಅವಳು ಮೊಮ್ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ, ಪಕ್ಕದ ಮನಿಗೆ ಎಷ್ಟು ಕೊಟ್ಟಿ ಎಂದು. ‘ಅಜ್ಜಿ, ಅದು ಇರೋದೇ ಒಂದು ಕಿಲೋ, ನಮ್ಮಿಬ್ಬರಿಗೇ ಸರಿಹೋಯ್ತು’ ಎಂದ. ಒಂದೇ ಜಾತಿ ಎಂದು ನಾನು ಅಷ್ಟು ಬಿಡಿಸಿ ಹೇಳಿದ್ದೆಲ್ಲ ಬದಿಗಿಟ್ಟು ಅವ್ವ ಫೋನು ನನ್ನ ಕೈಗೆ ಕೊಟ್ಟಳು. ‘ಅದು ಕುಂಬಳಕಾಯಿ ಅಲ್ಲ ಬಿಡು. ಸೌತಿಕಾಯಿ ಇದ್ದೀತು.’