ಸಾರಿನ ಪುಡಿಯ ಇತಿಹಾಸದಲ್ಲಿ ನನ್ನ ಹೆಸರು

ನಮ್ಮ ಮನೆಯ ದಾಖಲೆಗಳ ಪ್ರಕಾರ ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ತೆಗೆದು ಗುಂಟೂರು ಸೇರಿಸಿದವನು ನಾನು. ಇಂಗನ್ನು ಅರ್ಧಕ್ಕಿಳಿಸಿದವನು ನಾನು. ಭಾವಮೈದುನನ ಗೃಹಪ್ರವೇಶಕ್ಕೆ ಹೋಗುವುದು ಬೇಡ ಎಂದು ಬರೆದು, ಮಾರನೇ ದಿನ ಹೋಗಲೇಬೇಕು ಎಂದು ತಿದ್ದಿದವನೂ ನಾನೇ. ಇದರಲ್ಲಿ ಒಂದನ್ನೂ ನಾನು ಮಾಡಿಲ್ಲ. ಆದರೆ ಗಿಟ್‌ಹಬ್ ಹಾಗೆ ಹೇಳುತ್ತದೆ. ಗಿಟ್‌ಹಬ್ ಹೇಳಿದ ಮೇಲೆ ಮೈಸೂರಿನ ಗೋಕುಲಂ ಮೂರನೇ ಹಂತದ ನಮ್ಮ ಮನೆಯಲ್ಲಿ ಅಪೀಲಿಲ್ಲ.

ಇದರ ಮೂಲ ನನ್ನ ಹೊಟ್ಟೆಪಾಡಿನಲ್ಲಿದೆ. ಕಚೇರಿಯ ಕಾಗದಪತ್ರವೆಲ್ಲ ಶೇರ್‌ಪಾಯಿಂಟ್‌ನಲ್ಲಿ, ಕೋಡೆಲ್ಲ ಗಿಟ್‌ಹಬ್‌ನಲ್ಲಿ. ಮೊದಲನೆಯದು 2001ರದ್ದು, ಎರಡನೆಯದು 2008ರದ್ದು. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಗಿಟ್‌ಹಬ್ಬನ್ನು ಕೊಂಡಮೇಲೆ ಎರಡೂ ಒಂದೇ ಸೂರಿನಡಿ ಬಂದವು. ಬಂದರೇನು, ಒಂದೇ ಛತ್ರದಲ್ಲಿ ಮಾತು ಬಿಟ್ಟ ಬೀಗರ ಹಾಗೆ ಇದ್ದವು. ಅಲ್ಲಿ ಯಾರೋ ಕಾಗದ ತಿದ್ದಿದರೆ ಇಲ್ಲಿ ಕೋಡ್ ಬರೆಯುವ ಹುಡುಗರಿಗೆ ಸುದ್ದಿಯೇ ಇಲ್ಲ. ಆ ಸುದ್ದಿ ಸಾಗಿಸುವುದಕ್ಕೇ ಪವರ್ ಆಟೊಮೇಟ್, ಜ್ಯಾಪಿಯರ್, ಎನ್‌ಎಯ್ಟ್‌ಎನ್ ಮುಂತಾದವು ಇರುವುದು. ಪವರ್ ಆಟೊಮೇಟ್ 2016ರಲ್ಲಿ ಹುಟ್ಟಿದಾಗ ಫ್ಲೋ ಅನ್ನಿಸಿಕೊಂಡಿತ್ತು. 2019ರಲ್ಲಿ ಅದಕ್ಕೆ ಮರುನಾಮಕರಣವಾಯಿತು. ಕೆಲಸ ಮಾತ್ರ ಅದೇ: ಪರದೆಯ ಮೇಲೆ ಒಂದು ಡಬ್ಬ, ಅದರಿಂದ ಬಾಣ, ಬಾಣದ ತುದಿಗೆ ಇನ್ನೊಂದು ಡಬ್ಬ. ಕಾಗದಕ್ಕೆ ಒಪ್ಪಿಗೆ ಬಿತ್ತೋ, ಗಿಟ್‌ಹಬ್‌ನಲ್ಲಿ ಒಂದು ಇಶ್ಯೂ, ಅಂದರೆ ಮಾಡಬೇಕಾದ ಕೆಲಸದ ಚೀಟಿ, ತೆರೆ. ಇಶ್ಯೂ ಮುಚ್ಚಿತೋ, ಕಾಗದದಲ್ಲಿ ‘ಆಯಿತು’ ಅಂತ ಬರೆ. ಕೋಡ್ ಬರೆಯದೆ ಎಂಜಿನಿಯರ್ ಅನ್ನಿಸಿಕೊಳ್ಳುವ ಈ ವಿದ್ಯೆ ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ವಿದ್ಯೆ ಕಚೇರಿಯಲ್ಲೇ ಉಳಿದಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಮನೆಯಿಂದಲೇ ಕೆಲಸ ಅಂತಾದಮೇಲೆ ನನ್ನ ಮೇಜಿಗೂ ಅಡುಗೆಮನೆಗೂ ನಡುವೆ ಉಳಿದದ್ದು ಒಂದು ಕರ್ಟನ್. ಕಿಟಕಿಯಾಚೆ ಬೆಳಗಾಗುವ ಮುಂಚೆಯೇ ಚಾಪೆ ಸುತ್ತಿಕೊಂಡ ವಿದೇಶಿಯರು ಸ್ಕೂಟರಿನಲ್ಲಿ ಹೋಗುತ್ತಿರುತ್ತಾರೆ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದಮೇಲೆ ಲೋಕವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಗೋಕುಲಂಗೆ ಬರುತ್ತದೆ. ಇಲ್ಲಿಯವನೇ ಆದ ನಾನು ಲ್ಯಾಪ್‌ಟಾಪಿನ ಮುಂದೆ ಗೂನುಬಿದ್ದು ಕೂತು ಕೊತ್ತಂಬರಿ ಸೊಪ್ಪಿಗೆ ಬಾಣ ಎಳೆಯುತ್ತಿದ್ದೆ.

ಏರ್ಪಾಡು ಇಷ್ಟೆ. ಮನೆಯ ಎಲ್ಲರ ಫೋನಿನಲ್ಲೂ ತೆರೆಯುವ ಒಂದು ಶೀಟು. ಅದರಲ್ಲಿ ಬೇಕಾದ್ದು ಬರೆದರೆ ಗಿಟ್‌ಹಬ್‌ನಲ್ಲಿ ನನ್ನ ಹೆಸರಿಗೆ ಇಶ್ಯೂ ತೆರೆಯುತ್ತದೆ. ತಂದುಕೊಟ್ಟು ಇಶ್ಯೂ ಮುಚ್ಚಿದರೆ ಶೀಟಿನಲ್ಲಿ ‘ಆಯಿತು’ ಬೀಳುತ್ತದೆ.

“ಕೂಗಿ ಹೇಳಿದ್ರೆ ಆಗಲ್ವೇನ್ರೀ?” ಅಂದಳು ಹೆಂಡತಿ.

“ಕೂಗಿದ್ದಕ್ಕೆ ದಾಖಲೆ ಇರಲ್ಲ.”

“ನಂಗೆ ನೆನಪಿರುತ್ತೆ” ಅಂದಳು. ಇದ್ದಕ್ಕಿದ್ದ ಹಾಗೆ ಸೆಖೆಯಾಯಿತು.

ಮೊದಲ ಇಶ್ಯೂ ಒಗ್ಗರಣೆಗೆ ಕರಿಬೇವು. ಪುಕ್ಕಟೆ ಯೋಜನೆಯಾದ್ದರಿಂದ ನಮ್ಮ ಯಂತ್ರ ಕಾಲು ಗಂಟೆಗೊಮ್ಮೆ ಮಾತ್ರ ಶೀಟಿನೊಳಗೆ ಇಣುಕುತ್ತದೆ. ಕರಿಬೇವಿನ ಇಶ್ಯೂ ನನ್ನ ಫೋನಿಗೆ ಬಂದಾಗ ನಾನು ಆ ಸಾರಿನಲ್ಲೇ ಎರಡನೇ ಸಲ ಅನ್ನ ಕಲಸುತ್ತಿದ್ದೆ.

ಎರಡನೆಯದು ಕೊತ್ತಂಬರಿ ಸೊಪ್ಪು. ಕಾಂಟೂರ್ ರಸ್ತೆಯ ಗಾಡಿಯಲ್ಲಿ ಒಂದು ಕಟ್ಟು ತಂದೆ, ಇಶ್ಯೂ ಮುಚ್ಚಿದೆ, ಶೀಟಿನಲ್ಲಿ ‘ಆಯಿತು’ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕೊತ್ತಂಬರಿ ಸೊಪ್ಪು. ಯಾರೋ ನೆಂಟರು ಬರುತ್ತಿರಬೇಕು ಅಂದುಕೊಂಡು ಮತ್ತೆ ಹೋದೆ. ಮತ್ತೆ ಮುಚ್ಚಿದೆ. ಮತ್ತೆ ತೆರೆಯಿತು. ಗಾಡಿಯವನು “ಮನೇಲಿ ಕಾರ್ಯನಾ ಸಾರ್?” ಅಂತ ಕೇಳಿ ಕಟ್ಟಿಗೆ ಎರಡು ರೂಪಾಯಿ ಇಳಿಸಿದ.

ಕಾರಣ ಆಮೇಲೆ ಹೊಳೆಯಿತು. ‘ಸಾಲು ಬದಲಾದರೆ ಇಶ್ಯೂ ತೆರೆ’ ಅಂದಿದ್ದೆ. ಸಾಲಿನಲ್ಲಿ ‘ಆಯಿತು’ ಅಂತ ಬೀಳುವುದೂ ಬದಲಾವಣೆಯೇ. ಎರಡು ಕಡೆ ಸುದ್ದಿ ಸಾಗಿಸುವ ಫ್ಲೋಗಳ ಪ್ರಸಿದ್ಧ ಕಾಯಿಲೆ ಇದು: ತಾನು ಬರೆದದ್ದನ್ನು ತಾನೇ ಓದಿ ಬೆಚ್ಚಿಬೀಳುವುದು. ಮದ್ದು ಒಂದೇ ಸಾಲಿನ ಷರತ್ತು, ‘ಆಯಿತು ಅಂತಿದ್ದರೆ ಸುಮ್ಮನಿರು’. ಆದರೆ ಉಳಿದವರ ಇಂಥ ಚಕ್ರ ಕಂಪ್ಯೂಟರಿನೊಳಗೇ ಗಿರಗಿರ ತಿರುಗುತ್ತದೆ. ನನ್ನದು ಮಾತ್ರ ನಾನು ಚಪ್ಪಲಿ ಮೆಟ್ಟಿದರಷ್ಟೇ ಮುಂದಕ್ಕೆ ಹೋಗುತ್ತಿತ್ತು. ಇಡೀ ಯಂತ್ರದಲ್ಲಿ ಕಾಲಿದ್ದ ಭಾಗ ನಾನೊಬ್ಬನೇ.

ಇಷ್ಟಾದಮೇಲೆ ಇದನ್ನು ಕಿತ್ತುಹಾಕುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ಮನೆಮಂದಿಗೆಲ್ಲ ಇದರ ರುಚಿ ಹತ್ತಿತು. ಅಮ್ಮ ಫೋನಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳುವುದನ್ನು ಕಲಿತರು. ‘ಮಗ ಇನ್ನೂ ಸ್ನಾನ ಮಾಡಿಲ್ಲ’ ಎಂಬ ಇಶ್ಯೂ ಕಚೇರಿಯ ಮೀಟಿಂಗಿನ ನಡುವೆ ಪರದೆಯ ಮೂಲೆಯಲ್ಲಿ ಮೇಲೆದ್ದದ್ದು ಹಾಗೆ. ಗಿಟ್‌ಹಬ್ ಹೊಸ ರೆಪೊಸಿಟರಿಗೆ, ಅಂದರೆ ಕಡತಗಳ ಖಜಾನೆಗೆ, ತಾನಾಗಿಯೇ ಒಂಬತ್ತು ಲೇಬಲ್ ಕೊಡುತ್ತದೆ. ಅವುಗಳ ಉಸ್ತುವಾರಿ ಪಿಯುಸಿ ಓದುವ ಮಗಳದು. ಗ್ಯಾಸ್ ಸಿಲಿಂಡರ್ ಬದಲಿಸುವ ಕೆಲಸಕ್ಕೆ ಅವಳು ‘ಗುಡ್ ಫಸ್ಟ್ ಇಶ್ಯೂ’ ಅಂಟಿಸಿದಳು; ಏನೂ ಬಾರದ ಹೊಸಬರಿಗೆ ಕೊಡುವ ಸುಲಭದ ಕೆಲಸ ಅಂತ ಅರ್ಥ. ನನ್ನ ಎರಡನೇ ಲೋಟ ಕಾಫಿಗೆ ‘ಡುಪ್ಲಿಕೇಟ್’. ಭಾನುವಾರ ಮಧ್ಯಾಹ್ನದ ನಿದ್ದೆಗೆ ಹೆಂಡತಿ ಸೂಚಿಸಿದ್ದು, ಇದನ್ನು ಸರಿಪಡಿಸುವುದಿಲ್ಲ ಎಂಬರ್ಥದ ‘ವೋಂಟ್‌ಫಿಕ್ಸ್’.

ಆಗಲೇ ಸಾರಿನ ಪುಡಿಯನ್ನೂ ಇದಕ್ಕೆ ಸೇರಿಸಿದೆ. ಅಮ್ಮನ ಅಳತೆಯ ಕಾಗದವನ್ನು ಹಂಚಿಕೊಂಡ ಡಾಕ್ಯುಮೆಂಟಿನಲ್ಲಿಟ್ಟು, ಯಾರು ತಿದ್ದಿದರೂ ಗಿಟ್‌ಹಬ್‌ಗೆ ಹೋಗಿ ಕೂರುವಂತೆ ಇನ್ನೊಂದು ಬಾಣ ಎಳೆದೆ. ಗಿಟ್‌ಹಬ್‌ಗೆ ಆಧಾರವಾದ ಗಿಟ್‌ನಲ್ಲಿ ‘ಬ್ಲೇಮ್’ ಎಂಬ ಆಜ್ಞೆಯೇ ಇದೆ. ಪ್ರತಿ ಸಾಲಿನ ಪಕ್ಕ ಅದನ್ನು ಕೊನೆಗೆ ಮುಟ್ಟಿದವರು ಯಾರು, ಯಾವಾಗ ಅಂತ ತೋರಿಸುತ್ತದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು ಲಿನಕ್ಸ್‌ಗೋಸ್ಕರ. ಅವರಿಗೆ ಅತ್ತೆ ಸೊಸೆ ಇರುವ ಅಡುಗೆಮನೆಯ ಕಲ್ಪನೆ ಇದ್ದಿರಲಾರದು.

ಒಂದು ದಿನ ಸಾರು ಖಾರವಾಯಿತು. ಖಾರ ಅಂದರೆ ಮಗಳು ಎದ್ದು ಸಕ್ಕರೆ ಡಬ್ಬಕ್ಕೇ ಬಾಯಿ ಹಾಕುವಷ್ಟು. ಅಮ್ಮ ಸೊಸೆಯನ್ನು ನೋಡಿದರು. ಸೊಸೆ ಅತ್ತೆಯನ್ನು ನೋಡಿದಳು. ಲೋಟ ಎತ್ತುವ ಸದ್ದೂ ಇಲ್ಲ. ಮಗಳು ಕಣ್ಣೊರೆಸಿಕೊಳ್ಳುತ್ತಲೇ ಫೋನ್ ತೆಗೆದು ಬ್ಲೇಮ್ ತೆರೆದಳು. ಬ್ಯಾಡಗಿಯ ಜಾಗದಲ್ಲಿ ಗುಂಟೂರು; ಪಕ್ಕದಲ್ಲಿ ನನ್ನ ಹೆಸರು. ಧನಿಯಾ, ನನ್ನ ಹೆಸರು. ಜೀರಿಗೆ, ಮೆಂತ್ಯ, ಕಾಳುಮೆಣಸು, ಎಲ್ಲಕ್ಕೂ ನನ್ನ ಹೆಸರು.

ಫ್ಲೋ ಓಡುವುದು ಅದನ್ನು ಜೋಡಿಸಿದವನ ಖಾತೆಯಲ್ಲಿ. ಯಾರು ತಿದ್ದಿದರೂ ಗಿಟ್‌ಹಬ್‌ಗೆ ಕಾಣುವುದು ಆ ಖಾತೆಯವನೇ. ಇದನ್ನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ “ನಾನಂದ್ಕೊಂಡೆ, ಇವನದೇ ಕಣೇ ಕೆಲಸ” ಅಂದರು ಅಮ್ಮ. “ಹೌದತ್ತೆ, ಇವರಿಗೆ ಎಲ್ಲದರಲ್ಲೂ ಕೈಹಾಕೋ ಚಪಲ” ಅಂದಳು ಹೆಂಡತಿ. ಮದುವೆಯಾದಾಗಿನಿಂದ ಇಬ್ಬರೂ ಒಂದು ಸಾರಿನ ವಿಷಯದಲ್ಲಿ ಒಂದೇ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಾಯಿ ಮುಚ್ಚಿದೆ. ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಿಕೊಟ್ಟರೆ ಇದು ಒಂದು ಸಂಜೆಯ ಕೆಲಸದಲ್ಲಿ ಸರಿಹೋಗುತ್ತದೆ. ನನಗೇನು ತಲೆ ಕೆಟ್ಟಿದೆಯೇ?

ರೆಪೊಸಿಟರಿಯನ್ನು ಎಲ್ಲರಿಗೂ ಕಾಣುವಂತೆ ಬಿಚ್ಚಿಟ್ಟದ್ದು ಮಾತ್ರ ಬರೀ ಹೆಮ್ಮೆಯಿಂದ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳ ಅದರ ದತ್ತಾಂಶವೆಲ್ಲ ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳುವಂತಿದೆ. ಜ್ಞಾನ ಹೀಗೆ ಮುಕ್ತವಾಗಿರಬೇಕು ಅಂತ ಊಟದ ಹೊತ್ತಿನಲ್ಲಿ ಭಾಷಣ ಬಿಗಿದೆ. “ಅವರು ನಿಘಂಟು ಬರೆದ್ರು, ನೀವು ಕೊತ್ತಂಬರಿ ಸೊಪ್ಪು ತಂದ್ರಿ” ಅಂದಳು ಹೆಂಡತಿ. ಆದರೂ ಬಿಚ್ಚಿಟ್ಟೆ.

ಯಾರೋ ಪುಣ್ಯಾತ್ಮ ಅದನ್ನು ಫೋರ್ಕ್ ಮಾಡಿ ತನ್ನದೇ ಪ್ರತಿ ಇಟ್ಟುಕೊಂಡ. ಆಮೇಲೆ ನಮ್ಮದನ್ನೂ ತಿದ್ದಿ ಅಂತ ಪುಲ್ ರಿಕ್ವೆಸ್ಟ್ ಕಳಿಸಿದ: ‘ನಾಲ್ಕು ಎಸಳು ಬೆಳ್ಳುಳ್ಳಿ ಸೇರಿಸಬಹುದು.’

“ಬೆಳ್ಳುಳ್ಳಿನಾ!” ಅಂದರು ಅಮ್ಮ. ಶೀಟಿನ ಟಿಪ್ಪಣಿಯ ಅಂಕಣ ಸೀದಾ ಗಿಟ್‌ಹಬ್‌ನ ಕಾಮೆಂಟಿಗೆ ಹೋಗುತ್ತದೆ. ಮೈಕ್ ಒತ್ತಿ ಹೇಳಿದರು, “ಬೇಕಾದ್ರೆ ನಿಮ್ಮನೆ ಡಬ್ಬಕ್ಕೆ ಹಾಕ್ಕೊಳ್ಳಿ, ನಮ್ಮನೇದಕ್ಕೆ ಬೇಡ.” ಫೋರ್ಕ್ ಅಂದರೆ ಏನು ಅಂತ ನಾನು ಕಚೇರಿಯಲ್ಲಿ ಹುಡುಗರಿಗೆ ಮುಕ್ಕಾಲು ಗಂಟೆ ಪಾಠ ಮಾಡುತ್ತೇನೆ.

ಉತ್ತರ ಬಂತು: ‘ಆಗಲಿ ಸರ್. ನಿಮ್ಮ ಅಳತೆ ಅದ್ಭುತ. ಅಡುಗೆಯಲ್ಲಿ ಪಳಗಿದ ಕೈ ನಿಮ್ಮದು.’

ಅಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದರು. “ಸರ್ ಯಾರೋ? ಇವನಿಗೆ ನೀರು ಕಾಯಿಸೋಕೂ ಬರಲ್ಲ ಅಂತ ಬರಿಯೇ ಅಲ್ಲಿ” ಅಂದರು ಸೊಸೆಗೆ.

ಅವಳು ಅತ್ತೆಯ ಮಾತನ್ನು ಮೀರುವವಳಲ್ಲ. ಕೂಡಲೇ ಶೀಟಿನಲ್ಲಿ ಬರೆದಳು. ಕಾಲು ಗಂಟೆಯ ಮೇಲೆ ಅದು ನನ್ನ ಹೆಸರಿನಲ್ಲಿ, ನನ್ನ ಫೋಟೋದ ಪಕ್ಕ, ಲೋಕಕ್ಕೆಲ್ಲ ಪ್ರಕಟವಾಯಿತು.