ಐದು ಬುರುಡೆ, ಹೆಬ್ಬೆರಳು ಕೆಳಗೆ

ಮೂವತ್ತು ವರ್ಷ ಒಂದೇ ಹೋಟೆಲಿನಲ್ಲಿ ದೋಸೆ ತಿಂದು, ‘ಈಗ ಮೊದಲಿನ ಹಾಗಿಲ್ಲ ಕಣ್ರೀ’ ಎನ್ನುತ್ತಲೇ ಎರಡನೇ ದೋಸೆ ಹೇಳುವವರನ್ನು ಎಲ್ಲರೂ ಕಂಡಿದ್ದೇವೆ. ಆ ವಂಶದ ಇತ್ತೀಚಿನ ಕುಡಿ ನನ್ನ ಭಾವಮೈದುನ. ಅವನ ದೋಸೆ ಮಾತ್ರ ಒಂದು ವಿಡಿಯೋ ಗೇಮ್.

ಹಗಲು ಅವನು ಸಾಫ್ಟ್‌ವೇರ್ ಕಂಪನಿಯಲ್ಲಿ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುತ್ತಾನೆ. ಸಂಬಳ ಬರುವುದು ಅದಕ್ಕೇ. ರಾತ್ರಿ ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಾನೆ.

ಆಟದ ಹೆಸರು ‘ಓರ್ಕ್ಸ್ ಮಸ್ಟ್ ಡೈ!’. ‘ಏಜ್ ಆಫ್ ಎಂಪೈರ್ಸ್’ ಮಾಡಿದ ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಅಲ್ಲಿದ್ದ ಕೆಲವರು ಅಮೆರಿಕದ ಟೆಕ್ಸಾಸಿನಲ್ಲಿ ರೋಬೋಟ್ ಎಂಟರ್‌ಟೈನ್‌ಮೆಂಟ್ ಎಂಬ ಕಂಪನಿ ಕಟ್ಟಿ, 2011ರಲ್ಲಿ ಇದನ್ನು ಹೊರತಂದರು. ಓರ್ಕ್ ಎಂದರೆ ಕೋರೆಹಲ್ಲಿನ ರಾಕ್ಷಸ ಜಾತಿ. ಕೋಟೆಯ ಬಾಗಿಲು ತೆರೆದುಕೊಂಡು ಇವು ದಂಡುದಂಡಾಗಿ ನುಗ್ಗುತ್ತವೆ. ಒಳಗೆ ರಿಫ್ಟ್ ಎಂಬ ಮಾಯಾದ್ವಾರ ಹೊಳೆಯುತ್ತಿರುತ್ತದೆ. ಅಲ್ಲಿಗೆ ಅವು ಮುಟ್ಟಬಾರದು. ಸಾಮಾನ್ಯವಾಗಿ ಟವರ್ ಡಿಫೆನ್ಸ್ ಆಟಗಳಲ್ಲಿ ಗೋಪುರ ನಿಲ್ಲಿಸಿ, ಮೇಲಿನಿಂದ ದೇವರ ಹಾಗೆ ನೋಡುತ್ತ ಕೂತರಾಯಿತು. ಇಲ್ಲಿ ಹಾಗಲ್ಲ. ನೆಲಕ್ಕೆ ಮೊಳೆ, ಡಾಂಬರು, ಗೋಡೆಗೆ ಬಾಣದ ಯಂತ್ರ ಎಲ್ಲ ಹೂಡಿ, ಆಮೇಲೆ ನೀವೇ ಅಖಾಡಕ್ಕಿಳಿದು ಕೈಮಿಲಾಯಿಸಬೇಕು. ನಾಯಕನೋ, ಗುರುವಿನ ಲೆಕ್ಕದಲ್ಲೇ ಶತದಡ್ಡ. ಬಾಯಿ ಮಾತ್ರ ಜೋರು, ಗೆದ್ದರೆ ಕುಣಿಯುತ್ತಾನೆ. ಪ್ರತಿ ಕೋಟೆ ಗೆದ್ದಾಗ ತಲೆಬುರುಡೆಗಳ ಲೆಕ್ಕದಲ್ಲಿ ಅಂಕ. ಹೆಚ್ಚೆಂದರೆ ಐದು.

ನನ್ನ ಭಾವಮೈದುನನಿಗೆ ಎಲ್ಲ ಕೋಟೆಯಲ್ಲೂ ಐದೈದು ಬುರುಡೆ ಇವೆ. ಆಟ ಮಾರುವ ಸ್ಟೀಮ್ ಅಂಗಡಿಯಲ್ಲಿ ಅವನ ಅಭಿಪ್ರಾಯವೂ ಇದೆ. ಅಲ್ಲಿ ನಕ್ಷತ್ರ ಗಿಕ್ಷತ್ರ ಇಲ್ಲ. ಹೆಬ್ಬೆರಳು ಮೇಲೆ, ಇಲ್ಲವೇ ಕೆಳಗೆ. ಇವನದು ಕೆಳಗೆ. ಆದರೆ ಸ್ಟೀಮಿನವರು ಕಿಲಾಡಿಗಳು, ಬೈದವನ ಹೆಸರಿನ ಜೊತೆಯಲ್ಲೇ ಅವನು ಆ ಆಟವನ್ನು ಎಷ್ಟು ಗಂಟೆ ಆಡಿದ್ದಾನೆ ಎಂಬುದನ್ನೂ ಅಚ್ಚು ಹಾಕುತ್ತಾರೆ. ‘ಸಮಯ ಹಾಳು, ಯಾರೂ ಕೊಳ್ಳಬೇಡಿ’ ಎಂಬ ಒಕ್ಕಣೆಯ ಪಕ್ಕದಲ್ಲಿ ಸಾವಿರದ ಹತ್ತಿರ ಹತ್ತಿರ ಒಂದು ಸಂಖ್ಯೆ ಕೂತಿದೆ.

ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೊಡುವ ಪದ್ಧತಿಯೂ ಆ ಅಂಗಡಿಯಲ್ಲಿದೆ. ಈ ಆಟದ ಹೊಸ ಭಾಗ ಬಂದಾಗಲೆಲ್ಲ ‘ಇಷ್ಟವಾಗದಿದ್ದರೆ ವಾಪಸ್ ಮಾಡ್ತೀನಿ’ ಎಂದೇ ಇವನು ಕೊಳ್ಳುವುದು. ಹೇಗೆ ಇಷ್ಟವಾಗಿಲ್ಲ ಎಂದು ಖಚಿತಪಡಿಸಿಕೊಳ್ಳುವಷ್ಟರಲ್ಲಿ ಬೆಳಗಿನ ಹಾಲಿನವನು ಬಂದಿರುತ್ತಾನೆ.

ನನ್ನ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು: “ಅಷ್ಟು ಕೆಟ್ಟದಾಗಿದ್ರೆ ಯಾಕೋ ಆಡ್ತೀಯ?”

“ಅಕ್ಕ, ಕೆಟ್ಟದಾಗಿದೆ ಅಂತ ಸರಿಯಾಗಿ ಹೇಳಬೇಕಾದ್ರೆ ಪೂರ್ತಿ ಆಡಬೇಕಲ್ವಾ?”

“ನಮ್ಮನೆ ಉಪ್ಪಿಟ್ಟಿನ ಬಗ್ಗೆ ಒಂದೇ ತುತ್ತಿಗೆ ಹೇಳ್ತೀಯ.”

“ಅದು ಬೇರೆ ಅಕ್ಕ.”

ಅವನ ವಿಮರ್ಶೆಗೆ ಒಂದು ಪದ್ಧತಿಯಿದೆ. ಯಾವ ಭಾಗವೂ ಬಂದಾಗ ಚೆನ್ನಾಗಿರುವುದಿಲ್ಲ. ಮುಂದಿನ ಭಾಗ ಬಂದ ದಿನ ಹಿಂದಿನದು ಚೆನ್ನಾಗಿಬಿಡುತ್ತದೆ. ಮೊದಲನೆಯದರಲ್ಲಿ ಒಬ್ಬನೇ ಆಡಬೇಕು, ಜೊತೆಗಾರನಿಗೆ ಜಾಗವೇ ಇಲ್ಲ ಎಂದು ಗೊಣಗಿದ. 2012ರಲ್ಲಿ ಎರಡನೆಯದು ಬಂತು. ಮಾಂತ್ರಿಕಳೊಬ್ಬಳನ್ನು ಸೇರಿಸಿ ಇಬ್ಬರು ಕೂಡಿ ಆಡುವಂತೆ ಮಾಡಿದ್ದರು. “ಒಂಟಿಯಾಗಿ ಕೋಟೆ ಕಾಯೋದರಲ್ಲಿ ಒಂದು ಘನತೆ ಇತ್ತು ಭಾವ, ಹಾಳು ಮಾಡಿದ್ರು” ಅಂದ. ಆಮೇಲೆ ‘ಅನ್‌ಚೈನ್ಡ್’ ಬಂತು. ಪುಕ್ಕಟೆ ಆಟ. ಓರ್ಕ್‌ಗಳ ಜೊತೆಗೆ ಎದುರು ತಂಡದ ಮನುಷ್ಯರನ್ನೂ ಸೋಲಿಸಬೇಕು. ಇದು ಹಳೆಯ ಅಭಿಮಾನಿಗಳಲ್ಲಿ ಬಹಳ ಜನಕ್ಕೆ ರುಚಿಸಲಿಲ್ಲ. ನನಗೆ ಕೇಳಿದರೆ ಅವರ ಗೊಣಗಿನಲ್ಲಿ ಹುರುಳಿತ್ತು. ಮನುಷ್ಯರ ಜೊತೆ ಜಗಳ ಬೇಡವೆಂದೇ ಅಲ್ಲವೇ ಮನುಷ್ಯ ಓರ್ಕ್‌ಗಳ ಹತ್ತಿರ ಹೋಗುವುದು? ಕೊನೆಗೆ ಆ ಭಾಗ ತಡೆಯಲಿಲ್ಲ. 2019ರ ಏಪ್ರಿಲ್‌ನಲ್ಲಿ ಸರ್ವರ್ ಮುಚ್ಚಿದರು. ಅದನ್ನು ಅಷ್ಟೂ ಕಾಲ ಬೈದ ನಮ್ಮ ಹುಡುಗ ಅಂದು ರಾತ್ರಿ ಊಟಕ್ಕೆ ಇಳಿದು ಬರಲಿಲ್ಲ. ಮಾಳಿಗೆ ರೂಮಿಗೆ ತಟ್ಟೆ ತಂದುಕೊಟ್ಟಾಗ, “ಎಂಥಾ ಆಟ ಭಾವ, ಜನಕ್ಕೆ ಅರ್ಥವಾಗಲಿಲ್ಲ” ಅಂದ. ಆ ಜನದಲ್ಲಿ ತಾನೂ ಒಬ್ಬ ಎಂಬುದು ಅವನಿಗೆ ಹೊಳೆದಂತೆ ಕಾಣಲಿಲ್ಲ.

ಮೂರನೆಯದು ಇನ್ನೂ ವಿಶೇಷ. 2020ರ ಜುಲೈಯಲ್ಲಿ ಅದು ಮೊದಲು ಗೂಗಲ್‌ನ ಸ್ಟೇಡಿಯಾ ಎಂಬ ಆನ್‌ಲೈನ್ ಆಟದ ಸೇವೆಯಲ್ಲಷ್ಟೇ ಬಂತು. ಸ್ಟೇಡಿಯಾ ಭಾರತಕ್ಕೆ ಬರಲೇ ಇಲ್ಲ. ಸ್ಟೀಮಿಗೆ ಬರಲು ಇನ್ನೊಂದು ವರ್ಷ. ಹೀಗೆ ಆಡಲು ಸಾಧ್ಯವೇ ಇಲ್ಲದ ಆಟದ ಬಗ್ಗೆ ನಮ್ಮ ಹುಡುಗ ಅಷ್ಟೂ ದಿನ ಅಭಿಪ್ರಾಯ ಇಟ್ಟುಕೊಂಡಿದ್ದ. ಯಾರೋ ಆಡಿದ ವಿಡಿಯೋ ನೋಡುವುದು, ಅದನ್ನು ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು, “ನೋಡಿ ನೋಡಿ, ಡಾಂಬರನ್ನು ಬಾಣಕ್ಕಿಂತ ಮುಂದೆ ಹಾಕ್ತಿದಾನೆ!” ಎಂದು ತಲೆ ಚಚ್ಚಿಕೊಳ್ಳುವುದು. ಅಡುಗೆಮನೆಯಿಂದ ಅತ್ತೆ ಗಾಬರಿಯಾಗಿ, “ಯಾವ ರಸ್ತೆಗೆ ಡಾಂಬರು ಹಾಕ್ತಿದಾರಂತೋ?” ಎಂದು ಕೇಳುತ್ತಿದ್ದರು.

2025ರಲ್ಲಿ ‘ಡೆತ್‌ಟ್ರಾಪ್’ ಬಂತು. ನಾಲ್ಕು ಜನ ಕೂಡಿ ಆಡಬಹುದು, ಪ್ರತಿ ಸಲವೂ ಸಿಗುವ ಶಕ್ತಿ ಅದೃಷ್ಟದ ಮೇಲೆ. ಇದರ ಬಗ್ಗೆ ಅವನ ಅಭಿಪ್ರಾಯ ಹೇಳಬೇಕಾಗಿಲ್ಲ. ಮೂರನೆಯದು ಈಗ ಅವನ ಬಾಯಲ್ಲಿ ಕ್ಲಾಸಿಕ್.

ಬೇಸಿಗೆ ರಜೆಯಲ್ಲಿ ನನ್ನ ಮಗಳು ಅವನ ಲ್ಯಾಪ್‌ಟಾಪಿನಲ್ಲಿ ಮೊದಲನೆಯ ಭಾಗ ಆಡಿದಳು. ಇದರಲ್ಲಿ ಸ್ಪ್ರಿಂಗ್ ಹಲಗೆಯೊಂದಿದೆ: ಮೇಲೆ ಕಾಲಿಟ್ಟ ಓರ್ಕ್ ಚಿಮ್ಮಿ ಹೋಗಿ ದೂರ ಬೀಳುತ್ತದೆ, ಪಕ್ಕದಲ್ಲಿ ಆಮ್ಲದ ಹೊಂಡವಿದ್ದರೆ ನೇರ ಅದರೊಳಗೆ. ಮಗಳು ದುಡ್ಡನ್ನೆಲ್ಲ ಸ್ಪ್ರಿಂಗ್ ಹಲಗೆಗೇ ಸುರಿದಳು. ಒಂದು ಓರ್ಕ್ ಕೈಕಾಲು ಬಡಿಯುತ್ತ ಗಾಳಿಯಲ್ಲಿ ಹೋದಾಗ ಇವಳು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಳು.

“ಪುಟ್ಟಿ, ಹಂಗಲ್ಲ. ಮೊದಲು ಡಾಂಬರಲ್ಲಿ ನಿಧಾನ ಮಾಡು, ಮೇಲೆ ಬಾಣ ಬಿಡು, ಆಮೇಲೆ ಮೊಳೆ. ಮೂರೂ ಸೇರಿದ್ರೆ ಜಾಸ್ತಿ ದುಡ್ಡು.”

“ಮಾಮ, ಇನ್ನೊಂದು ಹಾರ್ತು ನೋಡು!”

“ಹಂಗಾದ್ರೆ ಐದು ಬುರುಡೆ ಬರಲ್ಲ ಕಣೆ.”

“ಬೇಡ ಬಿಡು.”

ಬುರುಡೆ ಬೇಡ ಎನ್ನುವವರನ್ನು ಅವನು ಅದುವರೆಗೆ ನೋಡಿರಲಿಲ್ಲ. ಮೂರು ಬುರುಡೆ ಬಂತು. ಪರದೆಯ ಮೇಲೆ ದಡ್ಡ ನಾಯಕ ಕುಣಿದ, ಪಕ್ಕದಲ್ಲಿ ಮಗಳೂ ಕುಣಿದಳು. ಮಾಮ ಕನ್ನಡಕ ತೆಗೆದು ಬನಿಯನ್ನಿಗೆ ಒರೆಸಿಕೊಳ್ಳುತ್ತ ಕೂತ.

ಈ ವಿದ್ಯೆ ಅವನು ರಸ್ತೆಗೂ ತರುತ್ತಾನೆ ಎಂಬುದೇ ತಾಪತ್ರಯ. ಆ ಆಟದಲ್ಲಿ ಬ್ಯಾರಿಕೇಡ್ ಇಟ್ಟು ಓರ್ಕ್‌ಗಳನ್ನು ಸುತ್ತುಬಳಸಿನ ದಾರಿಗೆ ತಿರುಗಿಸಬಹುದು. ಪೂರ್ತಿ ಮುಚ್ಚಿದರೆ ಮಾತ್ರ ಅವು ಒಡೆಯಲು ನಿಲ್ಲುತ್ತವೆ. ಬೆಂಗಳೂರಿನ ನಮ್ಮ ಬಡಾವಣೆಯ ಸರ್ಕಲ್ಲಿನಲ್ಲಿ ಸಾಲಾಗಿ ಬ್ಯಾರಿಕೇಡ್ ನಿಲ್ಲಿಸಿದ ದಿನ ಅವನ ಬೈಕಿನ ಹಿಂದೆ ನಾನಿದ್ದೆ. ಬೈಕು ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಎತ್ತಿ, ಸೈಟು ನೋಡಲು ಬಂದ ಎಂಜಿನಿಯರನ ಗತ್ತಿನಲ್ಲಿ ನೋಡಿದ.

“ಸಂದಿನೇ ಬಿಟ್ಟಿಲ್ಲ ಭಾವ. ಒಂದಾಳು ಸಂದಿ ಬಿಟ್ಟಿದ್ರೆ ಎಲ್ಲಾ ಸುತ್ತಿಕೊಂಡು ಹೋಗೋರು. ಈಗ ನೋಡ್ತಿರಿ.”

ಸಂಜೆ ವಾಪಸ್ ಬರುವಾಗ ಎರಡು ಬ್ಯಾರಿಕೇಡು ಅಡ್ಡಡ್ಡ ಮಲಗಿದ್ದವು, ನಡುವೆ ಆಟೋಗಳು ಹಾಯುತ್ತಿದ್ದವು. ಅಷ್ಟು ತೃಪ್ತಿಯನ್ನು ಅವನ ಮುಖದಲ್ಲಿ ನಾನು ಮತ್ತೆಂದೂ ಕಂಡಿಲ್ಲ.

ಮೊನ್ನೆ ನನ್ನನ್ನೂ ಕೂರಿಸಿದ. ಭುಜದ ಹಿಂದೆ ನಿಂತು, “ಎಡಕ್ಕೆ ಭಾವ, ಎಡಕ್ಕೆ… ಅಯ್ಯೋ, ಆ ಚಿಕ್ಕದು ಓಡಿಹೋಯ್ತು” ಎನ್ನುತ್ತಲೇ ಇದ್ದ. ನಾನೂ ಸೋತೆ, ಗೆದ್ದೆ, ಒಂದೆರಡು ಓರ್ಕ್‌ಗಳನ್ನು ಆಮ್ಲಕ್ಕೆ ಹಾರಿಸಿ ಮಗಳ ಪಕ್ಷ ಸೇರಿದೆ. ಎದ್ದಾಗ ಕೇಳಿದ:

“ಹೇಗಿದೆ ಭಾವ?”

“ಚೆನ್ನಾಗಿದೆಯಲ್ಲೋ. ಮಜಾ ಬಂತು.”

ಅವನು ಬಗ್ಗಿ ಪರದೆಯ ಮೂಲೆಯಲ್ಲಿದ್ದ ಗಡಿಯಾರ ನೋಡಿದ. ಬೇಸರವಾದರೂ ಮರ್ಯಾದೆ ಬಿಡದೆ ಹೇಳಿದ: “ಒಂದು ಗಂಟೆನೂ ಆಗಿಲ್ಲ ಭಾವ. ಇಷ್ಟು ಬೇಗ ಹಂಗೆಲ್ಲ ಹೇಳಬಾರದು.”